ಪಂಪ್ ಆಫ್ ಆದ ಕೂಡಲೇ ಬೋರ್ಡ್ ಯಾಕೆ ರೀಸೆಟ್ ಆಗುತ್ತದೆ?

ಪ್ರಶ್ನೆ: ಸರ್, ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಆರ್ಡುಯಿನೊ ಯೂನೊ ಅನ್ನುವ, ಪ್ರೋಗ್ರಾಂ ಹಾಕುವ ಸಣ್ಣ ಬೋರ್ಡ್ ಇಟ್ಟುಕೊಂಡು ಒಂದು ಕಂಟ್ರೋಲ್ ಬಾಕ್ಸ್ ಮಾಡಿ ಗೋದಾಮಿನ ಗೋಡೆಗೆ ಹಾಕಿದ್ದೇನೆ. ಕೆರೆಯ ಅರ್ಧ ಎಚ್‌ಪಿ ಪಂಪ್ ಎರಡು ಚಾನೆಲ್‌ನ ನೀಲಿ ರಿಲೇ (ಬೋರ್ಡ್ ಹೇಳಿದಾಗ ಆನ್ ಆಫ್ ಆಗುವ ಸ್ವಿಚ್) ಮಾಡ್ಯೂಲಿನಿಂದ ಓಡುತ್ತದೆ. ಕಣದ ಎಲ್‌ಇಡಿ ಲೈಟಿಗೂ ಗೋದಾಮಿನ ಎಕ್ಸಾಸ್ಟ್ ಫ್ಯಾನಿಗೂ ಎಂಒಸಿ 3021 ಚಿಪ್, ಅದು ಹೊತ್ತಿಸುವ ಬಿಟಿ 136 ಟ್ರಯಾಕ್ (ಎಸಿಯ ಎಲೆಕ್ಟ್ರಾನಿಕ್ ಸ್ವಿಚ್), ಜೊತೆಗೆ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್‌ನ ಸ್ನಬ್ಬರ್ (ವೋಲ್ಟೇಜಿನ ಪೆಟ್ಟು ತಡೆಯುವ ಜೋಡಿ) ಹಾಕಿದ್ದೇನೆ. ನೀರಿನ ಮಟ್ಟ ತಿಳಿಸುವ ಟ್ಯಾಂಕಿನ ಫ್ಲೋಟ್ ಸ್ವಿಚ್ಚಿಗೆ 60 ಮೀಟರ್ ವೈರ್ ಎಳೆದಿದ್ದೇನೆ. ಮೇಜಿನ ಮೇಲೆ ಬಲ್ಬ್ ಹಾಕಿ ನೋಡಿದಾಗ ಎಲ್ಲ ಸರಿ ಇತ್ತು. ಈಗ ಪಂಪ್ ಆಫ್ ಆದಾಗ ಬೋರ್ಡ್ ರೀಸೆಟ್ ಆಗುತ್ತದೆ, ಎಲ್‌ಸಿಡಿಯಲ್ಲಿ ಏನೇನೋ ಅಕ್ಷರ ಬರುತ್ತದೆ. ಹೋದ ವಾರ ಎರಡು ಸಲ ಪಂಪ್ ನಿಲ್ಲಲೇ ಇಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ರಿಲೇ ಮೇಲೆ ತಟ್ಟಿದ ಮೇಲೆ ನಿಂತಿತು. ಲೈಟ್ ಆಫ್ ಇದ್ದರೂ ರಾತ್ರಿ ಮಂಕಾಗಿ ಉರಿಯುತ್ತದೆ. ಇನ್ವರ್ಟರ್ ಮೇಲೆ ಫ್ಯಾನ್ ಗುರ್ ಅನ್ನುತ್ತದೆ. ಪ್ರೋಗ್ರಾಂ ಮೂರು ಸಲ ಹೊಸದಾಗಿ ಬರೆದೆ, ಏನೂ ಬದಲಾಗಲಿಲ್ಲ. ಫೋಟೊ, ಪ್ರೋಗ್ರಾಂ ಎರಡೂ ಕಳಿಸಿದ್ದೇನೆ. ದಯವಿಟ್ಟು ನೋಡಿ ಹೇಳಿ.

ಉತ್ತರ: ಮೊದಲು ಒಂದು ಕೆಲಸ ಮಾಡಿ. ಮುಂದಕ್ಕೆ ಓದುವ ಮೊದಲೇ ಎದ್ದು ಹೋಗಿ ಪಂಪಿನ ಎಂಸಿಬಿ ಇಳಿಸಿ ಬನ್ನಿ. ತಟ್ಟಿದ ಮೇಲೆ ನಿಂತಿತು ಅಂದಿರಲ್ಲ, ಅದರ ಅರ್ಥ ರಿಲೇಯೊಳಗಿನ ಎರಡು ಕಾಂಟ್ಯಾಕ್ಟ್ ಬೆಸುಗೆ ಹಾಕಿದ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. ಎರಡು ಸಲ ತಟ್ಟಿದಾಗ ಬಿಟ್ಟಿವೆ. ಮೂರನೇ ಸಲ ಬಿಡದೆ ಇರಬಹುದು. ಆಗ ನಿಮ್ಮ ಪ್ರೋಗ್ರಾಂ ಎಷ್ಟೇ ಚೆನ್ನಾಗಿದ್ದರೂ ಪಂಪ್ ನಿಲ್ಲಿಸಲು ಅದಕ್ಕೆ ದಾರಿಯೇ ಇಲ್ಲ.

ನಮ್ಮ ಮನೆಯಲ್ಲೇ ಹೀಗಾಗಿತ್ತು. ಜನವರಿ ತಿಂಗಳು, ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ರಾತ್ರಿ ರಿಲೇ ಅಂಟಿಕೊಂಡು ಟ್ಯಾಂಕ್ ತುಂಬಿ, ಬೆಳಗಾಗುವವರೆಗೆ ನೀರು ಕಣದ ಮೇಲೆ ಹರಿದಿದೆ. ಮುಕ್ಕಾಲು ಒಣಗಿದ್ದ ಹಣ್ಣು ಮತ್ತೆ ನೆನೆದು ಬೂಸಲು ಬಂತು. ಒಂದು ಸಣ್ಣ ರಿಲೇಯಿಂದ ಎಷ್ಟು ದಿನದ ದುಡಿಮೆ ಹಾಳಾಗುತ್ತದೆ ಅಂತ ಅವತ್ತು ಗೊತ್ತಾಯಿತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ನಿಮ್ಮ ತೊಂದರೆಗೆ ಬರೋಣ. ನೀವು ನಾಲ್ಕು ತೊಂದರೆ ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ಅದು ಮೂರೇ. ಬೋರ್ಡ್ ರೀಸೆಟ್ ಆಗುವುದು ಮತ್ತು ಪಂಪ್ ನಿಲ್ಲದೆ ಇರುವುದು ಎರಡೂ ಒಂದೇ ಕಾಯಿಲೆ. ಒಂದು ಇನ್ನೊಂದನ್ನು ಹೆಚ್ಚು ಮಾಡುತ್ತಿದೆ. ಹೇಗೆ ಅಂತ ನೋಡಿ.

ಪಂಪಿನ ಮೋಟಾರ್ ಅಂದರೆ ದೊಡ್ಡ ಸುರುಳಿ. ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟನ್ನು ತಟ್ಟನೆ ಕಡಿದರೆ ಅದು ಸುಮ್ನೆ ನಿಲ್ಲುವುದಿಲ್ಲ. ಕಾಂಟ್ಯಾಕ್ಟ್ ಬಿಡುವ ಜಾಗದಲ್ಲಿ ವೋಲ್ಟೇಜ್ ಏರಿಸಿಕೊಂಡು ಕಿಡಿಯಾಗಿ ಹಾರುತ್ತದೆ. ಆ ಕಿಡಿ ಒಂದು ಸಣ್ಣ ರೇಡಿಯೋ ಸ್ಟೇಷನ್ ಇದ್ದ ಹಾಗೆ. ಹತ್ತಿರದ ಎಲ್ಲ ವೈರಿಗೂ ಅದು ಕೇಳಿಸುತ್ತದೆ. ಹಳೇ ರೇಡಿಯೋ ಪಕ್ಕದಲ್ಲಿ ಸ್ವಿಚ್ ಹಾಕಿದರೆ ಟಪ್ ಅಂತ ಸದ್ದು ಬರುತ್ತಿತ್ತಲ್ಲ, ಅದೇ ಇದು. ನಿಮ್ಮ ಬಾಕ್ಸಿನಲ್ಲಿ ಆ ಟಪ್ ಅನ್ನು ಕೇಳಿಸಿಕೊಳ್ಳುತ್ತಿರುವುದು ಬೋರ್ಡಿನ ಮುಖ್ಯ ಚಿಪ್ಪಾದ ಮೈಕ್ರೋಕಂಟ್ರೋಲರ್. ಮೇಜಿನ ಮೇಲೆ ಬಲ್ಬ್ ಹಾಕಿದಾಗ ಸರಿ ಇದ್ದದ್ದೂ ಇದಕ್ಕೇ. ಫಿಲಮೆಂಟ್ ಬಲ್ಬಿನಲ್ಲಿ ಹೇಳಿಕೊಳ್ಳುವಂಥ ಸುರುಳಿ ಇಲ್ಲ, ಆಫ್ ಮಾಡಿದರೆ ಕಿಡಿ ಇಲ್ಲದ ಹಾಗೇ ಲೆಕ್ಕ.

ಆ ಬಲ್ಬನ್ನೇ ಈಗ ಪರೀಕ್ಷೆಗೆ ಬಳಸಿಕೊಳ್ಳಿ. ಮೇನ್ ಆಫ್ ಮಾಡಿ, ಪಂಪಿನ ವೈರ್ ಬಿಚ್ಚಿ, ಅದೇ ರಿಲೇಗೆ, ಅದೇ ಗೋಡೆಯ ಮೇಲೆ, 60 ಅಥವಾ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಕೊಡಿ. ಫ್ಲೋಟನ್ನು ಕೈಯಿಂದ ಎತ್ತಿ ಇಳಿಸಿ ಇಪ್ಪತ್ತು ಸಲ ಆನ್ ಆಫ್ ಮಾಡಿಸಿ. ಒಮ್ಮೆಯೂ ರೀಸೆಟ್ ಆಗದಿದ್ದರೆ ತಪ್ಪು ಮೋಟಾರಿನ ಕಿಡಿಯದ್ದು ಅಂತ ಖಾತ್ರಿ. ಬಲ್ಬ್ ಇದ್ದರೂ ರೀಸೆಟ್ ಆದರೆ ರಿಲೇ ಕಾಯಿಲ್ ಎಳೆದಾಗ 5 ವೋಲ್ಟ್ ಕುಸಿಯುತ್ತಿದೆ. ಪ್ರೋಗ್ರಾಂ ಮುಟ್ಟುವ ಮೊದಲು ಲೋಡ್ ಬದಲಿಸಿ ನೋಡಬೇಕು. ಇಪ್ಪತ್ತು ನಿಮಿಷದ ಕೆಲಸ, ಮೂರು ಸಲ ಪ್ರೋಗ್ರಾಂ ಬರೆಯುವುದು ಉಳಿಯುತ್ತಿತ್ತು.

ಇನ್ನೊಂದು ವಿಷಯ. ಎಲ್‌ಸಿಡಿಯಲ್ಲಿ ಕೆಟ್ಟ ಅಕ್ಷರ ಬಂದ ಮಾತ್ರಕ್ಕೆ ಬೋರ್ಡ್ ಹ್ಯಾಂಗ್ ಆಗಿದೆ ಅಂತ ಅಲ್ಲ. ನೀವು ಎಲ್‌ಸಿಡಿಯನ್ನು ನಾಲ್ಕು ವೈರಿನ ಮೋಡಿನಲ್ಲಿ ಬಳಸಿದ್ದೀರಿ. ಅದರಲ್ಲಿ ಒಂದು ಅಕ್ಷರ ಎರಡು ತುಂಡಾಗಿ ಹೋಗುತ್ತದೆ. 'ಈಗ ಓದು' ಅಂತ ಹೇಳುವ ಎನೇಬಲ್ ವೈರಿಗೆ ಕಿಡಿಯ ಒಂದು ನಾಯ್ಸ್ ಪೆಟ್ಟು ಬಿದ್ದರೆ ಎಲ್‌ಸಿಡಿ ಒಂದು ತುಂಡು ಜಾಸ್ತಿ ಎಣಿಸಿಬಿಡುತ್ತದೆ. ಅಲ್ಲಿಂದ ಮುಂದೆ ಮೊದಲನೇ ತುಂಡನ್ನು ಎರಡನೆಯದು, ಎರಡನೆಯದನ್ನು ಮೊದಲನೆಯದು ಅಂದುಕೊಂಡು ಓದುತ್ತದೆ. ಹಾಗಾಗಿ ಬೋರ್ಡ್ ಸರಿಯಾಗಿಯೇ ಕೆಲಸ ಮಾಡುತ್ತಿದ್ದರೂ ಪರದೆ ಹುಚ್ಚುಚ್ಚಾಗಿ ಕಾಣುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು 13ನೇ ಪಿನ್ನಿನ ಎಲ್‌ಇಡಿ ಸಾಕು. ಬೋರ್ಡ್ ಶುರುವಾದಾಗ ಅದು ಐದು ಸಲ ಪಟಪಟ ಮಿನುಗಲಿ, ಆಮೇಲೆ ಸೆಕೆಂಡಿಗೆ ಒಂದು ಸಲ ನಿಧಾನಕ್ಕೆ. ಪಂಪ್ ಆಫ್ ಆಗುವಾಗ ಅದನ್ನೇ ನೋಡುತ್ತಾ ನಿಲ್ಲಿ. ಐದು ಸಲ ಪಟಪಟ ಬಂದರೆ ನಿಜವಾದ ರೀಸೆಟ್. ನಿಧಾನದ ಮಿನುಗು ಹಾಗೇ ನಡೆದು ಪರದೆ ಮಾತ್ರ ಕೆಟ್ಟರೆ ತೊಂದರೆ ಎಲ್‌ಸಿಡಿ ವೈರಿನದು, ಅದನ್ನು ಗಿಡ್ಡ ಮಾಡಿದರೆ ಸರಿಹೋಗುತ್ತದೆ. ನಿಂತೇ ಹೋದರೆ ಹ್ಯಾಂಗ್. ರೀಸೆಟ್ ಯಾಕಾಯಿತು ಅಂತ ಚಿಪ್ಪಿನ ರಿಜಿಸ್ಟರ್ ಓದಿ ತಿಳಿಯಬಹುದು ಅಂತ ಕೆಲವರು ಹೇಳುತ್ತಾರೆ. ಅದು ನಿಜ. ಆದರೆ ಯೂನೊದಲ್ಲಿ ಮೊದಲು ಓಡುವ ಬೂಟ್‌ಲೋಡರ್ ನಿಮ್ಮ ಪ್ರೋಗ್ರಾಂ ಶುರುವಾಗುವ ಮೊದಲೇ ಅದನ್ನು ಅಳಿಸಿರುತ್ತದೆ. ಹಾಗಾಗಿ ಓದಿದರೆ ಸೊನ್ನೆ ಬರುತ್ತದೆ. ಅದರ ಹಿಂದೆ ಹೋಗಬೇಡಿ.

ನಿಮ್ಮ ಪ್ರೋಗ್ರಾಂ ಓದಿದೆ. ಮೂರು ಸಲ ಬರೆದಿದ್ದೀರಿ, ಮೂರರಲ್ಲೂ ಬೋರ್ಡ್ ಶುರುವಾದಾಗ ಒಮ್ಮೆ ಓಡುವ ಸೆಟಪ್ ಭಾಗದ ಮೊದಲ ಸಾಲುಗಳು ಮಾತ್ರ ಹಾಗೇ ಉಳಿದಿವೆ. ರಿಲೇ ಪಿನ್ನನ್ನು ಪಿನ್‌ಮೋಡ್‌ನಿಂದ ಔಟ್‌ಪುಟ್ ಮಾಡುತ್ತೀರಿ. ಆಮೇಲೆ ಎಲ್‌ಸಿಡಿ ಶುರು ಮಾಡುತ್ತೀರಿ, "ನಮಸ್ಕಾರ" ಅಂತ ಬರೆದು ಅರ್ಧ ಸೆಕೆಂಡ್ ಕಾಯುತ್ತೀರಿ. ಅದಾದ ಮೇಲೆ ಡಿಜಿಟಲ್‌ರೈಟ್‌ನಿಂದ ಪಿನ್ನನ್ನು ಹೈ (5 ವೋಲ್ಟ್) ಮಾಡುತ್ತೀರಿ. ನಿಮ್ಮ ಮಾಡ್ಯೂಲ್ ಲೋ (0 ವೋಲ್ಟ್) ಕೊಟ್ಟರೆ ಆನ್ ಆಗುವ ಜಾತಿಯದು. ಔಟ್‌ಪುಟ್ ಆದ ಕೂಡಲೇ ಪಿನ್ ಲೋ ಆಗಿಯೇ ಇರುತ್ತದೆ. ಅಂದರೆ ಬೋರ್ಡ್ ರೀಸೆಟ್ ಆದಾಗಲೆಲ್ಲ ಪಂಪ್ ಅರ್ಧ ಸೆಕೆಂಡಿನ ಮೇಲೆ ಆನ್ ಆಗಿ ಮತ್ತೆ ಆಫ್ ಆಗುತ್ತಿದೆ.

ಈಗ ಸರಪಳಿ ಕಾಣಿಸಿತಲ್ವಾ? ಟ್ಯಾಂಕ್ ತುಂಬಿತು, ಪಂಪ್ ಆಫ್. ಕಿಡಿ ಹಾರಿತು. ಬೋರ್ಡ್ ರೀಸೆಟ್. ರೀಸೆಟ್ ಆದದ್ದಕ್ಕೆ ಪಂಪ್ ಅರ್ಧ ಸೆಕೆಂಡ್ ಆನ್. ಆ ಅರ್ಧ ಸೆಕೆಂಡಿನಲ್ಲಿ ಮೋಟಾರ್ ಇನ್ನೂ ಸ್ಪೀಡ್ ಹಿಡಿದಿರುವುದಿಲ್ಲ, ಸ್ಟಾರ್ಟಿಂಗ್ ಕರೆಂಟ್ ಎಳೆಯುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಮತ್ತೆ ಆಫ್. ಈ ಸಲ ಕಿಡಿ ಮೊದಲಿಗಿಂತ ದೊಡ್ಡದು. ಮತ್ತೆ ರೀಸೆಟ್. ನೀವು ಮನೆಯಲ್ಲಿದ್ದಾಗ ಗೋದಾಮಿನಿಂದ ಟಕ್ ಟಕ್ ಟಕ್ ಅಂತ ಕೇಳಿಸಿರಬೇಕು. ಹೀಗೆ ನಾಲ್ಕೈದು ಸಲ ಆಗುವಷ್ಟರಲ್ಲಿ ಕಾಂಟ್ಯಾಕ್ಟ್ ಕಾದು ಕರಗಿ ಅಂಟಿಕೊಳ್ಳುತ್ತದೆ.

ಆ ರಿಲೇಯನ್ನು ಬಿಚ್ಚಿ ಎಸೆಯುವ ಮೊದಲು ನೀಲಿ ಮುಚ್ಚಳವನ್ನು ಬ್ಲೇಡಿನಿಂದ ಎಬ್ಬಿಸಿ ನೋಡಿ. ಹೊಸ ರಿಲೇಯಲ್ಲಿ ಕಾಂಟ್ಯಾಕ್ಟ್ ಸಾಸಿವೆ ಕಾಳಿನಷ್ಟು ದೊಡ್ಡ, ನುಣ್ಣಗಿನ ಬೆಳ್ಳಿ ಬಣ್ಣದ ಗುಂಡಿ. ನಿಮ್ಮದರಲ್ಲಿ ಒಂದು ಕಡೆ ಗುಳಿ, ಅದರ ಎದುರಿಗೆ ಅಷ್ಟೇ ಎತ್ತರದ ಗುಬುಟು ಇರುತ್ತದೆ. ಸುತ್ತ ಮಸಿ ಹಿಡಿದಿರುತ್ತದೆ. ಒಂದರ ಲೋಹ ಕರಗಿ ಇನ್ನೊಂದಕ್ಕೆ ಹೋಗಿದೆ. ಗುಬುಟು ಗುಳಿಯೊಳಗೆ ಕೂತುಬಿಟ್ಟರೆ ಒಳಗಿನ ಸ್ಪ್ರಿಂಗಿಗೆ ಎಳೆಯಲು ಶಕ್ತಿ ಸಾಲದು. ನೀವು ತಟ್ಟಿದಾಗ ಬಿಟ್ಟದ್ದು ಅದೇ. ಉಪ್ಪುಕಾಗದ ಹಾಕಿ ಉಜ್ಜಿ ಮತ್ತೆ ಬಳಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನ ಬೆಳ್ಳಿ ಹೋದ ಕಾಂಟ್ಯಾಕ್ಟ್ ಇನ್ನೂ ಬೇಗ ಅಂಟುತ್ತದೆ.

ರಿಲೇ ಮೇಲೆ 10 ಆಂಪ್ ಅಂತ ಬರೆದಿದೆ, ನಮ್ಮ ಪಂಪ್ ಅಷ್ಟು ಎಳೆಯುವುದಿಲ್ಲ ಅಂತ ನೀವು ಕೇಳಬಹುದು. ಆ 10 ಆಂಪ್ ಹೀಟರಿನಂಥ ಲೋಡಿಗೆ ಬರೆದದ್ದು. ಅರ್ಧ ಎಚ್‌ಪಿ ಮೋಟಾರ್ ಓಡುವಾಗ 3ರಿಂದ 4 ಆಂಪ್ ತೆಗೆದುಕೊಳ್ಳುತ್ತದೆ. ಶುರುವಾಗುವಾಗ ಅದರ ಐದಾರು ಪಟ್ಟು, ಅಂದರೆ 15ರಿಂದ 24 ಆಂಪ್. ನಮ್ಮ ಕಡೆ ಲೈನಿನ ಕೊನೆಯ ತೋಟಗಳಲ್ಲಿ ಇದು ಇನ್ನೂ ಕಷ್ಟ. ಸಂಜೆ ಎಲ್ಲರ ಮನೆಯಲ್ಲೂ ಲೈಟ್ ಹತ್ತಿದಾಗ 180 ವೋಲ್ಟ್ ತೋರಿಸಿದ್ದನ್ನು ನನ್ನ ಮೀಟರಿನಲ್ಲೇ ನೋಡಿದ್ದೇನೆ. ಮೋಟಾರಿನ ತಿರುಗಿಸುವ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಉಳಿಯುವುದು ನೂರಕ್ಕೆ ಅರವತ್ತರಷ್ಟು. ಮೋಟಾರ್ ಸ್ಪೀಡ್ ಹಿಡಿಯಲು ಜಾಸ್ತಿ ಹೊತ್ತು ಒದ್ದಾಡುತ್ತದೆ. ಅಷ್ಟೂ ಹೊತ್ತು ಆ ದೊಡ್ಡ ಕರೆಂಟ್ ಸಾಸಿವೆ ಕಾಳಿನಷ್ಟು ಗುಂಡಿಯ ಮೂಲಕವೇ ಹೋಗಬೇಕು.

ಹಾಗಾಗಿ ನನ್ನ ಸಲಹೆ ನೇರವಾಗಿದೆ. ಪಂಪಿಗೆ ಕಾಂಟ್ಯಾಕ್ಟರ್ ಹಾಕಿ, ಅಂದರೆ ಮೋಟಾರಿಗೆಂದೇ ಮಾಡಿದ ದೊಡ್ಡ ರಿಲೇ. ಮೋಟಾರ್ ಲೋಡಿಗೆ 9 ಆಂಪ್ ಇರುವ ಚಿಕ್ಕ ಕಾಂಟ್ಯಾಕ್ಟರ್, 230 ವೋಲ್ಟ್ ಕಾಯಿಲಿನದು, ಜೊತೆಗೆ ಕರೆಂಟ್ ಜಾಸ್ತಿಯಾದರೆ ಕಡಿಯುವ ಓವರ್‌ಲೋಡ್ ರಿಲೇ. ಎಸೆದದ್ದರ ಜಾಗಕ್ಕೆ ಬರುವ ಹೊಸ ನೀಲಿ ರಿಲೇ ಇನ್ನು ಮೇಲೆ ಮೋಟಾರಿನ ಕರೆಂಟ್ ಹೊರುವುದು ಬೇಡ, ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ಆನ್ ಆಫ್ ಮಾಡಲಿ. ಕಾಂಟ್ಯಾಕ್ಟರನ್ನು ಬೋರ್ಡ್ ಇರುವ ಬಾಕ್ಸಿನಲ್ಲಿ ಇಡಬೇಡಿ. ಪಂಪಿನ ಹತ್ತಿರ ಬೇರೆ ಬಾಕ್ಸ್ ಮಾಡಿ. ಕಿಡಿ ಅಲ್ಲೇ ಹಾರಲಿ. ಕಾಯಿಲ್ ಕೂಡ ಸುರುಳಿಯೇ, ಅದನ್ನು ಕಡಿದಾಗಲೂ ಸಣ್ಣ ಕಿಡಿ ಬರುತ್ತದೆ. ಅದಕ್ಕೆ ಕಾಯಿಲಿನ ಎ1, ಎ2 ತುದಿಗಳ ನಡುವೆ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸ್ನಬ್ಬರ್ ಕೊಡಿ. ಕೆಪ್ಯಾಸಿಟರ್ ಮೇಲೆ ಎಕ್ಸ್2, 275 ವೋಲ್ಟ್ ಎಸಿ ಅಂತ ಬರೆದಿರಲೇಬೇಕು. 400 ವೋಲ್ಟ್ ಡಿಸಿ ಅಂತ ಬರೆದ ಮಾಮೂಲಿ ಕೆಪ್ಯಾಸಿಟರ್ ಬೇಡ. ನಮ್ಮ 230 ವೋಲ್ಟಿನ ತುದಿಯೇ 325 ವೋಲ್ಟ್ ಮುಟ್ಟುತ್ತದೆ. ಅದರ ಮೇಲೆ ಗುಡುಗು ಸಿಡಿಲಿನ ಪೆಟ್ಟು ಬೇರೆ. ಎಕ್ಸ್2 ಜಾತಿಯದು ಇಂಥದ್ದನ್ನು ತಡೆದುಕೊಳ್ಳಲೆಂದೇ ಮಾಡಿದ್ದು.

ಬೇರೆ ರಿಪೇರಿ ಮಾಡುವ ಮೊದಲು ಆ ಸೆಟಪ್ ಸಾಲುಗಳನ್ನು ಅದಲು ಬದಲು ಮಾಡಿ. ಮೊದಲು ಡಿಜಿಟಲ್‌ರೈಟ್‌ನಿಂದ ಹೈ, ಆಮೇಲೆ ಪಿನ್‌ಮೋಡ್. ಎಲ್‌ಸಿಡಿ, ನಮಸ್ಕಾರ ಎಲ್ಲ ಅದರ ನಂತರ. ಇಷ್ಟರಿಂದ ರೀಸೆಟ್ ನಿಲ್ಲುವುದಿಲ್ಲ, ಆದರೆ ಟಕ್ ಟಕ್ ನಿಲ್ಲುತ್ತದೆ. ಪಂಪ್ ಒಮ್ಮೆ ನಿಂತರೆ ಮೂರು ನಿಮಿಷ ಮತ್ತೆ ಆನ್ ಆಗಬಾರದು ಅಂತಲೂ ಬರೆಯಿರಿ. ಟ್ಯಾಂಕ್ ತುಂಬುವ ಹೊತ್ತಿಗೆ ನೀರು ಅಲೆಯಾಡಿ ಫ್ಲೋಟ್ ಮೇಲೆ ಕೆಳಗೆ ಆಡುತ್ತದೆ. ನಿಮ್ಮ ಪ್ರೋಗ್ರಾಂ ಪ್ರತಿ ಅಲೆಗೂ ಪಂಪ್ ಆನ್ ಆಫ್ ಮಾಡುತ್ತಿದೆ. ಬೋರ್ಡ್ ಶುರುವಾದ ಮೇಲೂ ಅದೇ ಮೂರು ನಿಮಿಷ ಕಾಯಲಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಬಂದು, ಮತ್ತೆ ಹೋಗುವುದು ನಮಗೆ ಹೊಸದಲ್ಲ. ಕರೆಂಟ್ ಬಂದ ಕೂಡಲೇ ಲೈನಿನ ಎಲ್ಲ ಪಂಪುಗಳೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಬೀಳುತ್ತದೆ. ನಿಮ್ಮದಾದರೂ ಸ್ವಲ್ಪ ತಡೆದು ಏಳಲಿ.

ಕಿಡಿಯನ್ನು ದೂರ ಇಟ್ಟ ಮೇಲೂ ಅದು ಬೋರ್ಡಿಗೆ ಬರುವ ದಾರಿಗಳನ್ನು ಮುಚ್ಚಬೇಕು. ನಿಮ್ಮ ಫೋಟೊದಲ್ಲಿ ನನಗೆ ಮೂರು ದಾರಿ ಕಾಣಿಸಿತು.

ಮೊದಲನೆಯದು ಫ್ಲೋಟಿನ ವೈರ್. ಪಂಪಿನ ಕೇಬಲ್ ಹೋದ ಪಿವಿಸಿ ಪೈಪಿನಲ್ಲೇ ಅದನ್ನೂ ಹಾಕಿದ್ದೀರಿ. ಬಾಕ್ಸಿನೊಳಗೆ ಎರಡನ್ನೂ ಸೇರಿಸಿ ಟೈ ಕಟ್ಟಿದ್ದೀರಿ. ನೋಡಲು ಅಚ್ಚುಕಟ್ಟಾಗಿದೆ, ಆದರೆ 60 ಮೀಟರ್ ಉದ್ದಕ್ಕೂ ಎರಡು ವೈರ್ ಮೈಗೆ ಮೈ ತಾಗಿಕೊಂಡು ಹೋದರೆ ಒಂದರದ್ದು ಇನ್ನೊಂದಕ್ಕೆ ಇಳಿಯದೆ ಇರುವುದಿಲ್ಲ. ಇದನ್ನು ಖಾತ್ರಿ ಮಾಡಿಕೊಳ್ಳುವುದು ಸುಲಭ. ಫ್ಲೋಟ್ ವೈರನ್ನು ಬೋರ್ಡಿನಿಂದ ಪೂರ್ತಿ ಬಿಚ್ಚಿ, ಆ ಪಿನ್ನಿಗೆ ಎರಡಿಂಚಿನ ವೈರ್ ತುಂಡು ಹಾಕಿ, ಕೈಯಿಂದಲೇ ಪಂಪ್ ಆನ್ ಆಫ್ ಮಾಡಿಸಿ. ರೀಸೆಟ್ ನಿಂತರೆ ಇದೇ ದಾರಿ. ನನ್ನ ಅನುಭವದಲ್ಲಿ ತೋಟದ ಕೆಲಸಗಳಲ್ಲಿ ಹೆಚ್ಚಾಗಿ ಇದೇ ಆಗಿರುತ್ತದೆ. ಪರಿಹಾರ: ಬೇರೆ ಪೈಪ್, ಪಂಪಿನ ಪೈಪಿನಿಂದ ಒಂದು ಅಡಿಯಾದರೂ ದೂರ. ಎರಡು ವೈರನ್ನು ಹುರಿ ಹೊಸೆದ ಹಾಗೆ ಒಂದಕ್ಕೊಂದು ಸುತ್ತಿ ಎಳೆಯಿರಿ. ಬೋರ್ಡಿನ ತುದಿಯಲ್ಲಿ ವೈರನ್ನು ನೇರವಾಗಿ ಪಿನ್ನಿಗೆ ಕೊಡಬೇಡಿ. ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿಯುವ ಒಳಗಿನ ರೆಸಿಸ್ಟರ್, ಅಂದರೆ ಪುಲ್‌ಅಪ್, ಇಷ್ಟು ದೂರಕ್ಕೆ ತುಂಬ ಬಡಕಲು. ಹೊರಗಿನಿಂದ 1 ಕಿಲೋ ಓಮ್ ಪುಲ್‌ಅಪ್ ಕೊಟ್ಟು, ಅಲ್ಲಿಂದ 10 ಕಿಲೋ ಓಮ್ ಮೂಲಕ ಪಿನ್ನಿಗೆ ತಂದು, ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಸಿರಾಮಿಕ್ ಹಾಕಿ. ಏಪ್ರಿಲ್ ಮೇ ತಿಂಗಳ ಗುಡುಗಿನಲ್ಲಿ ಇಷ್ಟುದ್ದದ ವೈರ್ ಸಿಡಿಲಿನ ಪೆಟ್ಟನ್ನೂ ಹಿಡಿಯುತ್ತದೆ. ಹಾಗಾಗಿ ನಡುವೆ ಒಂದು ಪಿಸಿ 817 ಆಪ್ಟೋಕಪ್ಲರ್ (ಬೆಳಕಿನಿಂದ ಸಿಗ್ನಲ್ ದಾಟಿಸಿ ಎರಡು ಕಡೆಯನ್ನು ಬೇರೆ ಇಡುವ ಚಿಪ್) ಇಟ್ಟು, ಫ್ಲೋಟಿನ ಕಡೆಗೆ ಬೇರೆಯೇ ಸಪ್ಲೈ ಕೊಟ್ಟರೆ ಇನ್ನೂ ಒಳ್ಳೆಯದು.

ಎರಡನೆಯದು ರಿಲೇ ಮಾಡ್ಯೂಲಿನ ಮೂಲೆಯಲ್ಲಿರುವ ಜೆಡಿ-ವಿಸಿಸಿ ಜಂಪರ್, ಅಂದರೆ ಎರಡು ಪಿನ್ ಜೋಡಿಸುವ ಸಣ್ಣ ಕ್ಯಾಪ್. ಮಾಡ್ಯೂಲಿನಲ್ಲಿ ಆಪ್ಟೋ ಇದೆ, ಹಾಗಾಗಿ ಬೋರ್ಡ್ ಬೇರೆ ರಿಲೇ ಬೇರೆ ಅಂತ ನೀವು ನಂಬಿದ್ದೀರಿ. ಆ ಜಂಪರ್ ಇರುವವರೆಗೆ ಎರಡೂ ಒಂದೇ 5 ವೋಲ್ಟಿನಲ್ಲಿ ಓಡುತ್ತವೆ, ಆಪ್ಟೋ ಇದ್ದೂ ಇಲ್ಲದ ಹಾಗೆ. ಜಂಪರ್ ಕಿತ್ತು, ಜೆಡಿ-ವಿಸಿಸಿ ಮತ್ತು ಅದರ ಪಕ್ಕದ ಗ್ರೌಂಡಿಗೆ ಬೇರೆ 5 ವೋಲ್ಟ್ ಚಾರ್ಜರಿನಿಂದ ಕೊಡಿ. ಬೋರ್ಡಿನಿಂದ ಮಾಡ್ಯೂಲಿಗೆ ವಿಸಿಸಿ ಮತ್ತು ಇನ್ ವೈರ್ ಮಾತ್ರ ಹೋಗಲಿ. ಬೋರ್ಡಿನ ಗ್ರೌಂಡ್ ಅಲ್ಲಿಗೆ ಹೋಗಬಾರದು.

ಮೂರನೆಯದು ಅಡಾಪ್ಟರ್. 12 ವೋಲ್ಟ್ ಅಡಾಪ್ಟರನ್ನು ಯೂನೊದ ದುಂಡು ಸಾಕೆಟ್ಟಿಗೆ ಕೊಟ್ಟಿದ್ದೀರಿ. ಬೋರ್ಡಿನ ಸಣ್ಣ ರೆಗ್ಯುಲೇಟರ್ ಉಳಿದ 7 ವೋಲ್ಟನ್ನು ಬಿಸಿಯಾಗಿ ಸುಡಬೇಕು. ರಿಲೇ ಕಾಯಿಲಿಗೆ 70 ಮಿಲಿಆಂಪ್, ಅದರ ಮೇಲೆ ಬೋರ್ಡ್, ಎಲ್‌ಸಿಡಿಯ ಲೈಟ್. ಎಲ್ಲ ಸೇರಿ 150 ಮಿಲಿಆಂಪ್ ಅಂದುಕೊಂಡರೆ ಒಂದು ವ್ಯಾಟಿನ ಮೇಲೆ ಬಿಸಿ. ಬೆರಳಿಟ್ಟು ನೋಡಲು ಆಗದಷ್ಟು ಕಾಯುತ್ತದೆ. ಒಳ್ಳೆಯ 5 ವೋಲ್ಟ್ ಚಾರ್ಜರನ್ನು ಯುಎಸ್‌ಬಿ ಮೂಲಕವೇ ಕೊಡಿ. ನಾಯ್ಸ್ ಅಡಾಪ್ಟರಿನಿಂದ ಬರುತ್ತಿದೆಯಾ ಅಂತ ತಿಳಿಯಲು ಬೋರ್ಡನ್ನು ಒಂದು ಗಂಟೆ ಮೊಬೈಲಿನ ಪವರ್ ಬ್ಯಾಂಕಿನಿಂದ ಓಡಿಸಿ. ಆಗ ರೀಸೆಟ್ ನಿಂತರೆ ದಾರಿ ಅದೇ. ಪವರ್ ಬ್ಯಾಂಕ್ ಬದಲು ಲ್ಯಾಪ್‌ಟಾಪ್ ಹಾಕಬೇಡಿ. 230 ವೋಲ್ಟ್ ಇರುವಾಗ ಆ ಬಾಕ್ಸಿಗೆ ಲ್ಯಾಪ್‌ಟಾಪ್ ಸಿಕ್ಕಿಸುವುದು ಯಾವತ್ತೂ ಬೇಡ.

ಇನ್ನು ಮಂಕಾಗಿ ಉರಿಯುವ ಲೈಟ್. ಇಲ್ಲಿ ಏನೂ ಕೆಟ್ಟಿಲ್ಲ, ಲೆಕ್ಕ ತಪ್ಪಿದೆ ಅಷ್ಟೆ. ಟ್ರಯಾಕಿಗೆ ಅಡ್ಡಲಾಗಿ ಹಾಕಿದ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಟ್ರಯಾಕ್ ಆಫ್ ಇದ್ದಾಗಲೂ ಎಸಿಯನ್ನು ಸ್ವಲ್ಪ ಬಿಡುತ್ತದೆ. 230 ವೋಲ್ಟ್, 50 ಹರ್ಟ್ಜ್‌ಗೆ ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ 7 ಮಿಲಿಆಂಪ್. ಹಳೇ ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ. 9 ವ್ಯಾಟಿನ ಎಲ್‌ಇಡಿ ಪೂರ್ತಿ ಉರಿಯಲು ಬೇಕಾದದ್ದೇ 40 ಮಿಲಿಆಂಪಿನ ಆಸುಪಾಸು. ಅದಕ್ಕೆ ಈ 7 ಕೂಡ ದೊಡ್ಡ ಊಟ. ಕೆಪ್ಯಾಸಿಟರಿನ ಒಂದು ಕಾಲು ಎತ್ತಿ ನೋಡಿ. ಮಂಕು ಬೆಳಕು ಹೋದರೆ ಇದೇ ಕಾರಣ. ಹೋಗದಿದ್ದರೆ ಹೋಲ್ಡರಿನಲ್ಲಿ ಫೇಸ್ ನ್ಯೂಟ್ರಲ್ ಅದಲು ಬದಲು ಆಗಿದೆಯಾ ನೋಡಿ. ಹಳೇ ತೋಟದ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲನ್ನು ಕಡಿಯುತ್ತಾ ಫೇಸ್ ಹೋಲ್ಡರಿನಲ್ಲೇ ಉಳಿದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದು ಬೆಳಕಿನ ತೊಂದರೆಗಿಂತ ಜೀವಕ್ಕೆ ಅಪಾಯ, ಮೊದಲು ಸರಿ ಮಾಡಿಸಿ. ಎರಡರಲ್ಲಿ ಯಾವುದಾದರೂ ಸರಿ, ಲೈಟಿಗೆ ಟ್ರಯಾಕ್ ಬೇಕಾಗಿಯೇ ಇಲ್ಲ. ಅಷ್ಟು ಸಣ್ಣ ಕರೆಂಟಿನಲ್ಲಿ ಟ್ರಯಾಕ್ ಸರಿಯಾಗಿ ಹಿಡಿದು ನಿಲ್ಲುವುದೂ ಕಷ್ಟ. ನಿಮ್ಮ ಮಾಡ್ಯೂಲಿನಲ್ಲಿ ಎರಡನೇ ರಿಲೇ ಖಾಲಿ ಇದೆ, ಲೈಟನ್ನು ಅದಕ್ಕೆ ಹಾಕಿ. ಎರಡು ಎಲ್‌ಇಡಿ ಬಲ್ಬಿಗೆ ಆ ರಿಲೇ ಧಾರಾಳ ಸಾಕು.

ಫ್ಯಾನಿನ ವಿಷಯ ಬೇಗ ಮುಗಿಸುತ್ತೇನೆ. ಫ್ಯಾನಿನ ಸ್ಪೀಡ್ ಇಳಿಸಲು ನೀವು ಪ್ರತಿ ಅರ್ಧ ಅಲೆಯಲ್ಲಿ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ, ವೋಲ್ಟೇಜ್ ಸೊನ್ನೆ ದಾಟುವ ಗಳಿಗೆ ಹಿಡಿದು ಅಲ್ಲಿಂದ ಎಣಿಸಿ ಟ್ರಯಾಕ್ ಹೊತ್ತಿಸುತ್ತಿದ್ದೀರಿ. ಲೈನಿನ ಕರೆಂಟಿನಲ್ಲಿ ಅದು ಸರಿ. ಮಾಮೂಲಿ ಇನ್ವರ್ಟರ್ ಕೊಡುವುದು ಚೌಕದ ಅಲೆ. ಅದು ಸೊನ್ನೆಯನ್ನು ಒಂದೇಟಿಗೆ ಹಾರಿಹೋಗುತ್ತದೆ, ಇಲ್ಲವೇ ಸೊನ್ನೆಯಲ್ಲೇ ಸ್ವಲ್ಪ ಹೊತ್ತು ನಿಂತಿರುತ್ತದೆ. ನಿಮ್ಮ ಎಣಿಕೆ ದಾರಿ ತಪ್ಪುತ್ತದೆ. ಒಂದು ಅರ್ಧ ಅಲೆ ಹೊತ್ತಿ ಇನ್ನೊಂದು ಹೊತ್ತದಿದ್ದರೆ ಫ್ಯಾನಿಗೆ ಡಿಸಿ ಹೋದ ಹಾಗೆ, ಗುರ್ ಅನ್ನುತ್ತಾ ಕಾಯುತ್ತದೆ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಇನ್ವರ್ಟರ್ ಓಡುತ್ತಿರುವಾಗ ಫ್ಯಾನ್ ಪೂರ್ತಿ ಆನ್ ಅಥವಾ ಪೂರ್ತಿ ಆಫ್ ಮಾತ್ರ ಇರಲಿ. ಒಂದು ಸೊನ್ನೆ ಸಿಕ್ಕ ಮೇಲೆ 8 ಮಿಲಿಸೆಕೆಂಡಿನೊಳಗೆ ಇನ್ನೊಂದು ಬಂದರೆ ಅದು ನಾಯ್ಸ್, ಪ್ರೋಗ್ರಾಂ ಅದನ್ನು ಬಿಟ್ಟುಬಿಡಲಿ.

ಫ್ಯಾನಿನ ಎಂಒಸಿ 3021 ಹಿಂದಿನ ರೆಸಿಸ್ಟರನ್ನೂ ಬದಲಿಸಿ. ಫೋಟೊದಲ್ಲಿ ಆರೆಂಜ್, ಆರೆಂಜ್, ಬ್ರೌನ್ ಪಟ್ಟಿ ಕಾಣುತ್ತಿದೆ, ಅಂದರೆ 330 ಓಮ್. ಅದರಲ್ಲಿ ಹರಿಯುವುದು ಸುಮಾರು 11 ಮಿಲಿಆಂಪ್. ಆ ಚಿಪ್ ಖಾತ್ರಿಯಾಗಿ ಹೊತ್ತಲು 15 ಬೇಕು. ನಿಮ್ಮ ಕೈಗೆ ಸಿಕ್ಕ ಚಿಪ್ ಒಳ್ಳೆಯದಿದ್ದರೆ 11ಕ್ಕೂ ಹೊತ್ತುತ್ತದೆ, ನಾಳೆ ಹಾಕುವ ಇನ್ನೊಂದು ಹೊತ್ತದೆ ಇರಬಹುದು. 220 ಓಮ್ ಹಾಕಿದರೆ 17 ಸಿಗುತ್ತದೆ. ಪಿನ್ನಿಗೂ ಅದು ಭಾರವಲ್ಲ. ಕೆಲಸ ಮಾಡುವಾಗ ನೆನಪಿರಲಿ, ಬಿಟಿ 136ರ ಬೆನ್ನಿನ ಲೋಹದ ತಗಡು ನೇರವಾಗಿ 230 ವೋಲ್ಟಿನಲ್ಲಿ ಇರುತ್ತದೆ. ಅದಕ್ಕೆ ಹಾಕಿದ ಹೀಟ್‌ಸಿಂಕೂ ಅಷ್ಟೇ. ಬಿಟಿಎ ಅಂತ ಶುರುವಾಗುವ ಟ್ರಯಾಕುಗಳಲ್ಲಿ ಆ ತಗಡು ಒಳಗಿನಿಂದ ಬೇರೆಯಾಗಿರುತ್ತದೆ. ಮುಂದಿನ ಸಲ ಅದನ್ನೇ ಕೇಳಿ ತನ್ನಿ.

ಕೊನೆಗೆ ಬಾಕ್ಸ್. ಗೋದಾಮಿನ ಗೋಡೆ ಅಂದಿರಿ. ಜೂನ್ ಬಂದರೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬೀರುವಿನೊಳಗಿನ ಚಪ್ಪಲಿಗೂ ಬೂಸಲು ಬರುತ್ತದೆ. ಅದೇ ತೇವ ನಿಮ್ಮ ಬೋರ್ಡ್ ಮೇಲೂ ಕೂರುತ್ತದೆ. ಬೆಸುಗೆಯ ಫ್ಲಕ್ಸ್ ಒರೆಸದೆ ಬಿಟ್ಟಿದ್ದರೆ ಅದು ತೇವ ಹೀರಿ, ಎಂಒಸಿಯ ಎರಡು ಕಡೆಯ ಕಾಲುಗಳ ನಡುವೆ ಕರೆಂಟ್ ಸೋರಲು ದಾರಿ ಮಾಡುತ್ತದೆ. ನೀವು ಬಳಸಿದ್ದು ತೂತಿನ ಬೋರ್ಡ್. ಎಂಒಸಿ ಕೆಳಗೆ 230 ವೋಲ್ಟಿನ ಕಡೆಗೂ 5 ವೋಲ್ಟಿನ ಕಡೆಗೂ ನಡುವೆ ಇರುವ ತಾಮ್ರದ ಬಿಲ್ಲೆಗಳನ್ನು ಕೆರೆದು ತೆಗೆಯಿರಿ. ಆರು ಮಿಲಿಮೀಟರ್ ಖಾಲಿ ಜಾಗ ಇರಲಿ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ಒಣಗಿದ ಮೇಲೆ ಪಿಸಿಬಿಗೆ ಹೊಡೆಯುವ ವಾರ್ನಿಶ್ ಎರಡು ಸಲ ಹೊಡೆಯಿರಿ. ವೈರುಗಳು ಬಾಕ್ಸಿನ ಕೆಳಗಿನಿಂದಲೇ ಒಳಗೆ ಹೋಗಲಿ. ಹೊರಗೆ ಒಂದು ಸಲ ಕೆಳಕ್ಕೆ ಬಾಗಿ ಮೇಲೆ ಬಂದರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ತೂತುಗಳನ್ನು ಗ್ಲ್ಯಾಂಡ್ ಹಾಕಿ ಮುಚ್ಚಿ. ಸಣ್ಣ ಇರುವೆಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬಾಕ್ಸಿನೊಳಗೆ ಗೂಡು ಮಾಡುತ್ತವೆ. ಹಲ್ಲಿಯೊಂದು ಟರ್ಮಿನಲ್ ಮೇಲೆ ಅಡ್ಡ ಬಿದ್ದು ಶಾರ್ಟ್ ಆದ ಬಾಕ್ಸನ್ನು ನಾನೇ ಬಿಚ್ಚಿದ್ದೇನೆ.

ಕೆಲಸಕ್ಕೆ ಕೈ ಹಾಕುವಾಗ ಎಂಸಿಬಿ ಇಳಿಸಿದರೆ ಸಾಲದು, ಇನ್ವರ್ಟರನ್ನೂ ಆಫ್ ಮಾಡಿ. ಟೆಸ್ಟರ್ ಹತ್ತಲಿಲ್ಲ ಅಂತ ನಂಬಬೇಡಿ, ಮೀಟರಿನಿಂದ ಅಳೆದು ನೋಡಿ. ಪಂಪಿನ ಕೆಪ್ಯಾಸಿಟರ್ ಕರೆಂಟ್ ಹೋದ ಮೇಲೂ ಸ್ವಲ್ಪ ಹೊತ್ತು ತುಂಬಿರುತ್ತದೆ, ಬಲ್ಬ್ ತಾಗಿಸಿ ಖಾಲಿ ಮಾಡಿ. ಪಂಪಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇಲ್ಲದಿದ್ದರೆ ಕಾಂಟ್ಯಾಕ್ಟರ್ ತರುವಾಗ ಅದನ್ನೂ ತನ್ನಿ. ಕೆರೆ ದಡದಲ್ಲಿ ಒದ್ದೆ ಕಾಲಲ್ಲಿ ನಿಂತು ಆ ಪಂಪ್ ಮುಟ್ಟುವವರು ನೀವೊಬ್ಬರೇ ಅಲ್ಲ, ತೋಟದ ಕೆಲಸದವರೂ ಮುಟ್ಟುತ್ತಾರೆ.

ಇವತ್ತು ಸೆಟಪ್ ಸಾಲು ಬದಲಿಸಿ, 13ನೇ ಪಿನ್ನಿನ ಮಿನುಗು ಹಾಕಿ, ಬಲ್ಬಿನ ಪರೀಕ್ಷೆ ಮಾಡಿ. ಫ್ಲೋಟ್ ವೈರ್ ಬಿಚ್ಚಿ ನೋಡುವ ಪರೀಕ್ಷೆಗೆ ಮೋಟಾರೇ ಬೇಕು. ಅದಕ್ಕೆ ಕಾಂಟ್ಯಾಕ್ಟರ್ ಬರುವವರೆಗೆ ಕಾಯಿರಿ, ಹಳೇ ರಿಲೇಯಲ್ಲಿ ಮಾಡಬೇಡಿ. ಅಲ್ಲಿಯವರೆಗೆ ಪಂಪನ್ನು ಕೈಯಿಂದಲೇ ಹಾಕಿ ತೆಗೆಯಿರಿ. ಎಲ್ಲ ಕೂಡಿಸಿದ ಮೇಲೂ ಒಂದು ವಾರ ರಾತ್ರಿ ಮಲಗುವಾಗ ಪಂಪಿನ ಎಂಸಿಬಿ ಇಳಿಸಿಯೇ ಮಲಗಿ. ಫ್ಲೋಟ್ ವೈರ್ ಬಿಚ್ಚಿದಾಗ ಎಲ್‌ಇಡಿ ಪಟಪಟ ಮಿನುಗಿತಾ ಇಲ್ಲವಾ, ಇಪ್ಪತ್ತು ಸಲದಲ್ಲಿ ಎಷ್ಟು ಸಲ ಅಂತ ಬರೆದು ಕಳಿಸಿ. ಅದನ್ನು ನೋಡಿ ಮುಂದಿನದು ಹೇಳುತ್ತೇನೆ.